ಪೀಠ ಹೊರಟರೆ ಕೆಥೆಡ್ರಲ್ ಕೂಡ ಹೊರಟಂತೆ

ಮಧ್ಯಯುಗದ ಯುರೋಪಿನ ಪಾಠ ಮಾಡುವಾಗ ನಾನು ಮೊದಲು ಬಿಡಿಸುವ ಗಂಟು ಒಂದಿದೆ. ದೊಡ್ಡ ಚರ್ಚೆಲ್ಲ ಕೆಥೆಡ್ರಲ್ ಅಲ್ಲ. ಬಿಷಪ್ಪರ ಪೀಠ ಎಲ್ಲಿದೆಯೋ ಅದು ಕೆಥೆಡ್ರಲ್. ನಮ್ಮ ಕಡೆಯ ಕ್ರೈಸ್ತರು ಪ್ರಧಾನಾಲಯ ಎನ್ನುತ್ತಾರೆ. ಬಿಷಪ್ಪರ ಆಡಳಿತದ ಸೀಮೆ ಧರ್ಮಪ್ರಾಂತ್ಯ. ಇಂಗ್ಲೆಂಡಿನ ರಾಜರಿಗೆ ಪಟ್ಟ ಕಟ್ಟುತ್ತಿದ್ದ ವೆಸ್ಟ್‌ಮಿನ್‌ಸ್ಟರ್ ಅಬ್ಬೆ ಮಧ್ಯಯುಗದಲ್ಲಿ ಕೆಥೆಡ್ರಲ್ ಆಗಿರಲೇ ಇಲ್ಲ.

ಪೀಠ ಒಂದೇ ಊರಿಗೆ ಅಂಟಿಕೊಂಡೂ ಇರುತ್ತಿರಲಿಲ್ಲ. 1075ರಲ್ಲಿ ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ ಲ್ಯಾನ್‌ಫ್ರ್ಯಾಂಕ್ ಲಂಡನ್ನಿನಲ್ಲಿ ಸಭೆ ಕರೆದರು. ಹಳ್ಳಿಗಳಲ್ಲಿದ್ದ ಪೀಠಗಳು ಪಟ್ಟಣ ಸೇರಲಿ ಎಂದು ತೀರ್ಮಾನವಾಯಿತು. ಸೆಲ್ಸಿಯದು ಚಿಚೆಸ್ಟರ್‌ಗೆ, ಲಿಚ್‌ಫೀಲ್ಡ್‌ನದು ಚೆಸ್ಟರ್‌ಗೆ, ಶೆರ್‌ಬೋರ್ನ್‌ನದು ಓಲ್ಡ್ ಸೇರಮ್‌ಗೆ ಹೋಯಿತು. ಫ್ರಾನ್ಸ್ ಕಡೆಯಿಂದ ಬಂದು ಇಂಗ್ಲೆಂಡನ್ನು ಗೆದ್ದಿದ್ದ ನಾರ್ಮನ್ ರಾಜರಿಗೂ ಇದೇ ಬೇಕಿತ್ತು ಅನ್ನುವುದು ನನ್ನ ಅಭಿಪ್ರಾಯ. ಕೋಟೆಯ ಹತ್ತಿರ ಬಿಷಪ್ ಇದ್ದರೆ ರಾಜ್ಯದ ಹಿಡಿತ ಜಾಸ್ತಿ, ಅಲ್ವಾ?

ಓಲ್ಡ್ ಸೇರಮ್‌ನಲ್ಲಿ ಇದೇ ತೊಂದರೆಯಾಯಿತು. ಗುಡ್ಡದ ಮೇಲೆ ಒಂದೇ ಆವರಣದಲ್ಲಿ ಕೋಟೆ, ಕೆಥೆಡ್ರಲ್ ಎರಡೂ. 1092ರಲ್ಲಿ ಚರ್ಚಿನ ಪ್ರತಿಷ್ಠೆ ನಡೆದ ಐದೇ ದಿನಕ್ಕೆ ಬಿರುಗಾಳಿ ಬಂದು ಹಾನಿಯಾಯಿತು. ಅದನ್ನು ಮತ್ತೆ ಕಟ್ಟಿದರು. ಆದರೂ ಪಾದ್ರಿಗಳ ದೂರು ನಿಲ್ಲಲಿಲ್ಲ. ಕುಡಿಯಲು ನೀರಿಲ್ಲ. ಗಾಳಿಯ ಸದ್ದಿಗೆ ಪ್ರಾರ್ಥನೆ ಕೇಳಿಸುವುದಿಲ್ಲ. ಸೈನಿಕರ ಜೊತೆ ಜಗಳ. ಕೊನೆಗೆ ಪೋಪ್ 3ನೇ ಹೊನೋರಿಯಸ್ ಒಪ್ಪಿದರು. 1220ರಲ್ಲಿ ಬಿಷಪ್ ರಿಚರ್ಡ್ ಪೂರ್ ಕೆಳಗಿನ ನದಿ ಬಯಲಿನಲ್ಲಿ ಹೊಸ ಚರ್ಚಿಗೆ ಅಡಿಪಾಯ ಹಾಕಿದರು. ಅದೇ ಇಂದಿನ ಸಾಲಿಸ್‌ಬರಿ ಕೆಥೆಡ್ರಲ್. ಅದರ ಪ್ರತಿಷ್ಠೆ ಆದದ್ದು 1258ರಲ್ಲಿ.

ಕಟ್ಟಡ ಮುಗಿಯುವ ಎಷ್ಟೋ ಮೊದಲೇ, 1226ರಲ್ಲಿ, ಆಸ್ಮಂಡ್ ಸೇರಿ ಮೂವರು ಹಳೆಯ ಬಿಷಪ್ಪರ ಅಸ್ಥಿಗಳನ್ನು ಗುಡ್ಡದಿಂದ ಇಳಿಸಿ ತಂದರು. ಈ ಇಡೀ ಕಥೆಯಲ್ಲಿ ನನಗೆ ಬಹಳ ಮುಖ್ಯ ಅನಿಸುವುದು ಇದು. ಸ್ಥಳ ಬದಲಾದರೂ ಪರಂಪರೆ ಕಡಿಯಬಾರದು ಅನ್ನುವ ಆಸೆ ಅಲ್ಲಿ ಕಾಣುತ್ತದೆ. ಕೆಥೆಡ್ರಲ್ಲಿನ ಪಾದ್ರಿಮಂಡಳಿಯೂ ಹಾಗೆಯೇ ಜೊತೆಗೆ ಬಂತು. ಅವರನ್ನು ಸಾಕುತ್ತಿದ್ದದ್ದು ಸುತ್ತಲಿನ ಊರುಗಳ ಜಮೀನಿನ ವರಮಾನ. ಅದು ಎಲ್ಲಿಗೂ ಹೋಗಬೇಕಾಗಿರಲಿಲ್ಲ. 1331ರಲ್ಲಿ 3ನೇ ಎಡ್ವರ್ಡ್ ಹಳೇ ಚರ್ಚಿನ ಕಲ್ಲು ಬಳಸಲು ಅನುಮತಿ ಕೊಟ್ಟ. ಹೊಸ ಆವರಣದ ಗೋಡೆಯಲ್ಲಿ ನಾರ್ಮನ್ ಕೆತ್ತನೆಯ ಕಲ್ಲುಗಳು ಈಗಲೂ ಕಾಣುತ್ತವೆ.

ಎಲ್ಲ ಕಡೆ ಇಷ್ಟು ಸಲೀಸಾಗಿ ಆಗಲಿಲ್ಲ. ವೆಲ್ಸ್ ಎಂಬ ಊರಿನ ಪೀಠ 1090ರ ಹೊತ್ತಿಗೆ ಬಾತ್‌ಗೆ ಹೋದಾಗ ವೆಲ್ಸ್‌ನ ಪಾದ್ರಿಗಳು ಸುಮ್ಮನಿರಲಿಲ್ಲ. ಒಂದೂವರೆ ಶತಮಾನ ಎಳೆದಾಡಿ, 1245ರಲ್ಲಿ ಪೋಪ್ ಎರಡೂ ಊರಿಗೆ ಪಾಲು ಕೊಟ್ಟರು. ಆ ಧರ್ಮಪ್ರಾಂತ್ಯದ ಹೆಸರು ಇವತ್ತಿಗೂ ಬಾತ್ ಅಂಡ್ ವೆಲ್ಸ್.