ಬಿಳಿ ಕಲೆ, ಬ್ಲೀಚಿಂಗ್ ಪೌಡರ್, ಆಸಿಡ್: ಬಾತ್‌ರೂಮ್ ತೊಳೆಯುವ ಮುನ್ನ

ಬೆಂಗಳೂರಿನಲ್ಲಿ ಬೋರ್‌ವೆಲ್ ನೀರು ಬಳಸುವ ಯಾವುದೇ ಮನೆಯ ಬಕೆಟ್ಟಿನ ಒಳಗೆ ಉಗುರಿನಿಂದ ಕೆರೆದು ನೋಡಿ. ಒರಟಾದ ಬಿಳಿ ಪದರ ಸಿಗುತ್ತದೆ. ನಲ್ಲಿಯ ಬಾಯಲ್ಲಿ, ಟೈಲ್ಸ್ ಮೇಲೆ ಕಟ್ಟಿರುವುದೂ ಅದೇ. ಅದು ಕೊಳೆಯಲ್ಲ. ಗಡಸು ನೀರು ಆರಿದ ಮೇಲೆ ಉಳಿಯುವ ಕ್ಯಾಲ್ಸಿಯಂ ಕಾರ್ಬೊನೇಟ್, ಅಂದರೆ ಸುಣ್ಣಕಲ್ಲಿನಲ್ಲಿರುವ ವಸ್ತುವೇ.

ಬ್ಲೀಚ್ ರೋಗಾಣುಗಳನ್ನು ಕೊಲ್ಲುತ್ತದೆ, ಬಣ್ಣದ ಕಲೆ ತೆಗೆಯುತ್ತದೆ. ಆದರೆ ಈ ಪದರವನ್ನು ಕರಗಿಸುವುದಿಲ್ಲ, ಕರಗಿಸುವುದು ಆಮ್ಲ. ಇದು ಗೊತ್ತಿಲ್ಲದೆ ನೀರಿನ ಸಂಪ್‌ಗೆ ಎಂದು ತಂದಿಟ್ಟ ಬ್ಲೀಚಿಂಗ್ ಪೌಡರ್ ಉದುರಿಸಿ ಉಜ್ಜುತ್ತೇವೆ, ಕಲೆ ಹೋಗದಿದ್ದಾಗ ಅದರ ಮೇಲೆಯೇ ಆಸಿಡ್ ಸುರಿಯುತ್ತೇವೆ. ಅಪಾಯ ಇರುವುದು ಅಲ್ಲೇ.

ನಮ್ಮ ಮನೆಯಲ್ಲಿ ಗೌರಿ ಹಬ್ಬದ ಹಿಂದಿನ ದಿನ ಹೀಗೇ ಆಯಿತು. ಅಮ್ಮ ಬಾಗಿಲು ಮುಂದೆ ಮಾಡಿಕೊಂಡು, ಕುಕ್ಕರಗಾಲಲ್ಲಿ ಕೂತು ಉಜ್ಜುತ್ತಿದ್ದರು. ಆಸಿಡ್ ಬಿದ್ದದ್ದೇ ನೊರೆ ಉಕ್ಕಿ, ಮೂಗು ಗಂಟಲು ಸುಡುವಂಥ ಘಾಟು ಎದ್ದಿತು. ಕೆಮ್ಮುತ್ತಾ ಹೊರಗೆ ಬಂದವರು ಸಂಜೆಯವರೆಗೂ ಎದೆ ಬಿಗಿ ಎನ್ನುತ್ತಿದ್ದರು.

ಆ ಘಾಟು, ಬ್ಲೀಚಿಗೆ ಆಸಿಡ್ ಸೇರಿದಾಗ ಹುಟ್ಟುವ ಕ್ಲೋರಿನ್ ಎಂಬ ವಿಷಾನಿಲದ್ದು. ಅದು ಗಾಳಿಗಿಂತ ಸುಮಾರು 2.5 ಪಟ್ಟು ಭಾರ, ಹಾಗಾಗಿ ನೆಲದ ಹತ್ತಿರವೇ ನಿಲ್ಲುತ್ತದೆ. ಕೂತು ಉಜ್ಜುವವರ ಮೂಗು ಇರುವುದೂ ಅಲ್ಲೇ. ಕ್ಲಾಸಿನಲ್ಲಿ ಅನಿಲದ ಸಾಂದ್ರತೆ ಓದುವಾಗ ನನಗೆ ಈಗಲೂ ಅಮ್ಮನೇ ನೆನಪಾಗುತ್ತಾರೆ.

ಲೇಬಲ್ ಓದುವಾಗ ಎರಡು ಹೆಸರು ಹುಡುಕಿ: ಬ್ಲೀಚಿನಲ್ಲಿರುವ ಹೈಪೋಕ್ಲೋರೈಟ್, ಆಸಿಡ್‌ನಲ್ಲಿರುವ ಹೈಡ್ರೋಕ್ಲೋರಿಕ್ ಆಮ್ಲ. ಇವೆರಡೂ ಒಂದಕ್ಕೊಂದು ಸೇರಬಾರದು. ಟಾಯ್ಲೆಟ್ ಕ್ಲೀನರ್ ಅನ್ನು ಎಷ್ಟೋ ಜನ ಆಸಿಡ್ ಎಂದೇ ಎಣಿಸುವುದಿಲ್ಲ, ಆದರೆ ಹಲವದರಲ್ಲಿ ಇರುವುದು ಆ ಆಮ್ಲವೇ. ಬ್ಲೀಚಿನ ಜೊತೆ ವಿನೆಗರ್, ನಿಂಬೆರಸ ಸೇರಿದರೂ ಕ್ಲೋರಿನ್ ಬರುತ್ತದೆ. ಅಮೋನಿಯ ಇರುವ ಗಾಜಿನ ಕ್ಲೀನರ್ ಸೇರಿದರೆ ಕ್ಲೋರಮೀನ್ ಎಂಬ ಇನ್ನೊಂದು ವಿಷಾನಿಲ.

ಘಾಟು ಎದ್ದರೆ ತೊಳೆಯುವುದನ್ನು ಅರ್ಧಕ್ಕೇ ಬಿಟ್ಟು ಹೊರಗೆ ಬನ್ನಿ. ನೀರು ಹುಯ್ಯಲೆಂದು ಮತ್ತೆ ಒಳಗೆ ಹೋಗಬೇಡಿ. ಉಸಿರು ಕಟ್ಟಿದರೆ 108ಕ್ಕೆ ಕರೆ ಮಾಡಿ. ಕಣ್ಣಿಗೆ ಸಿಡಿದರೆ 15–20 ನಿಮಿಷ ಹರಿಯುವ ನೀರಿನಲ್ಲಿ ತೊಳೆದು, ಆಮೇಲೆ ಆಸ್ಪತ್ರೆಗೆ ಹೊರಡಿ. ನಗರದಲ್ಲಿ ಮಿಂಟೋ ಸರ್ಕಾರಿ ಕಣ್ಣಿನ ಆಸ್ಪತ್ರೆ ಇದೆ. ನುಂಗಿದವರಿಗೆ ವಾಂತಿ ಮಾಡಿಸಲೇಬಾರದು, ಸುಟ್ಟ ಅನ್ನನಾಳ ಮತ್ತೊಮ್ಮೆ ಸುಡುತ್ತದೆ. ದೆಹಲಿಯ ಏಮ್ಸ್‌ನ ವಿಷ ಮಾಹಿತಿ ಕೇಂದ್ರದ ಉಚಿತ ಸಂಖ್ಯೆ 1800 116 117, ಇದನ್ನು ಫ್ರಿಜ್ ಮೇಲೆ ಅಂಟಿಸಿಡಿ.

ಹೀಗೆ ನುಂಗುವುದು ಹೆಚ್ಚಾಗಿ ಬಾಟಲಿಯ ತಪ್ಪಿನಿಂದ. ಬಿಡಿಯಾಗಿ ಕೊಂಡ ಆಸಿಡ್, ಫಿನಾಯಿಲ್ ಕುಡಿಯುವ ನೀರಿನ ಹಳೇ ಬಾಟಲಿಗೆ ಸೇರುತ್ತದೆ. ನೋಡಲು ಆಸಿಡ್ ನೀರಿನಷ್ಟೇ ತಿಳಿ. ಬೇಸಿಗೆಯಲ್ಲಿ ಆಡಿ ಬಂದ ಮಗು ಮುಚ್ಚಳ ತೆಗೆಯಲು ಇಷ್ಟು ಸಾಕು. ದಯವಿಟ್ಟು ಮೂಲ ಡಬ್ಬಿ ಬದಲಿಸಬೇಡಿ.

ಇನ್ನು ಆ ಬಕೆಟ್ಟು. ವಿನೆಗರ್‌ಗೆ ಸಮ ನೀರು ಬೆರೆಸಿ ಬಟ್ಟೆ ಅದ್ದಿ, ಕಲೆಯ ಮೇಲೆ ಅರ್ಧ ಗಂಟೆ ಹೊದಿಸಿ. ಸಣ್ಣ ಗುಳ್ಳೆ ಏಳುತ್ತವೆ, ಪದರ ಮೆತ್ತಗಾಗಿ ಬ್ರಷ್ಷಿಗೆ ಬರುತ್ತದೆ. ಮಾರ್ಬಲ್ ನೆಲಕ್ಕೆ ಮಾತ್ರ ಇದೂ ಬೇಡ. ಮಾರ್ಬಲ್ಲೂ ಕ್ಯಾಲ್ಸಿಯಂ ಕಾರ್ಬೊನೇಟೇ, ಕಲೆಯ ಜೊತೆ ನೆಲದ ಹೊಳಪೂ ಕರಗುತ್ತದೆ.