ಸಂಬಳದ ಕೆಲಸ ಬಿಟ್ಟು ಸ್ವಂತ ಕಸುಬಿಗೆ ಇಳಿಯಲು ಎಷ್ಟು ಹಣ ಇರಬೇಕು?

ಪ್ರಶ್ನೆ: ಕಾರ್ಖಾನೆಯೊಂದರಲ್ಲಿ ಎಂಟು ವರ್ಷದಿಂದ ಎಲೆಕ್ಟ್ರಿಷಿಯನ್ ಆಗಿದ್ದೇನೆ. ರಾಜೀನಾಮೆ ಕೊಟ್ಟು ಮನೆಗಳ ವೈರಿಂಗ್ ಕೆಲಸ ಹಿಡಿಯಬೇಕೆಂದಿದ್ದೇನೆ. ಕೈಯಲ್ಲಿ ಎಷ್ಟು ಹಣ ಇಟ್ಟುಕೊಂಡು ಹೊರಬರಬೇಕು? ಹೊರಗಿನ ದಿನದ ಮಜೂರಿ ನನ್ನ ದಿನದ ಸಂಬಳದ ಒಂದೂವರೆ ಪಟ್ಟು ಇದೆ, ಹಾಗಾಗಿ ಆದಾಯದ ಚಿಂತೆಯಿಲ್ಲ.

ಈ ಪ್ರಶ್ನೆಗೆ ಎಷ್ಟು ಸಲ ಉತ್ತರಿಸಿದ್ದೇನೋ ನನಗೇ ಲೆಕ್ಕವಿಲ್ಲ. ಕೇಳುವವರು ಒಮ್ಮೆ ಪ್ಲಂಬರ್, ಒಮ್ಮೆ ಬಡಗಿ, ಒಮ್ಮೆ ವೆಲ್ಡರ್. ಉತ್ತರ ಮಾತ್ರ ಅದೇ. ಆರು ತಿಂಗಳ ಮನೆಖರ್ಚು ಒಂದು ಕಡೆ, ಎರಡು ಕೆಲಸಗಳಿಗೆ ಸಾಕಾಗುವ ಸಾಮಾನಿನ ಹಣ ಇನ್ನೊಂದು ಕಡೆ. ಎರಡನ್ನೂ ಬೆರೆಸಬೇಡಿ. ಮೊದಲ ಗಿರಾಕಿಯ ಬಾಕಿ ಬರುವ ಮುನ್ನವೇ ಎರಡನೆಯವರ ಮನೆಗೆ ವೈರು, ಪೈಪು, ಸ್ವಿಚ್ಚು ತರಬೇಕಾಗುತ್ತದೆ. ಆಗ ಮನೆಖರ್ಚಿನ ಹಣಕ್ಕೆ ಕೈಹಾಕಿದವರು ಬೇಗನೆ ಹಳೆಯ ಕೆಲಸದ ಬಾಗಿಲು ತಟ್ಟುತ್ತಾರೆ. ಪರವಾನಗಿ ಬೇಕಾದ ಕಸುಬಾದರೆ ಅದು ನಿಮ್ಮ ಹೆಸರಿನಲ್ಲಿ ಇದೆಯೇ ಎಂದೂ ನೋಡಿಕೊಳ್ಳಿ.

ಕೇಳಿದ್ದಕ್ಕೆ ಉತ್ತರ ಇಷ್ಟೇ. ನನ್ನನ್ನು ತಡೆದು ನಿಲ್ಲಿಸಿದ್ದು ಪತ್ರದ ಕೊನೆಯ ವಾಕ್ಯ. ದಿನದ ಮಜೂರಿಯನ್ನು ತಿಂಗಳ ದಿನಗಳಿಂದ ಗುಣಿಸಿದರೆ ಆದಾಯ ಸಿಗುತ್ತದೆ ಎಂಬ ಈ ನಂಬಿಕೆ ಎಷ್ಟು ಕಿತ್ತರೂ ಮತ್ತೆ ಚಿಗುರುತ್ತದೆ. ಒಳ್ಳೆಯ ಕೆಲಸಗಾರರನ್ನು ಸಾಲಕ್ಕೆ ನೂಕುವುದು ಇದೇ. ದಯವಿಟ್ಟು ಪೆನ್ನು ತೆಗೆದುಕೊಂಡು ನನ್ನ ಜೊತೆ ಲೆಕ್ಕ ಹಾಕಿ.

ವರ್ಷಕ್ಕೆ 365 ದಿನ. ವಾರಕ್ಕೊಂದು ರಜೆಯಂತೆ 52 ಕಳೆದರೆ 313. ಹಬ್ಬ, ಜ್ವರ, ಮದುವೆ, ಮಕ್ಕಳ ಶಾಲೆಯ ಕೆಲಸ ಎಂದು 28 ದಿನ ತೆಗೆಯಿರಿ, 285 ಉಳಿಯಿತು. ಒಂದು ಕೆಲಸ ಮುಗಿದು ಇನ್ನೊಂದು ಸಿಗುವವರೆಗಿನ ಖಾಲಿ ದಿನಗಳು, ಗಾರೆಯವರು ಗೋಡೆ ಮುಗಿಸಿಲ್ಲವೆಂದು ವಾಪಸು ಬಂದ ದಿನಗಳು ಎಲ್ಲ ಸೇರಿ 45 ಎಂದಿಟ್ಟುಕೊಳ್ಳೋಣ. ಉಳಿದದ್ದು 240.

ಈಗ ದಿನದೊಳಗೆ ಬನ್ನಿ. 8 ಗಂಟೆಯಲ್ಲಿ ಹಣ ಹುಟ್ಟುವುದು ಎಷ್ಟು ಹೊತ್ತು? ಸ್ಥಳ ನೋಡಿ ಅಂದಾಜು ಹೇಳುವುದು, ಸಾಮಾನು ತರುವುದು, ಓಡಾಟ, ಬಿಲ್ಲು ಬರೆಯುವುದು, ಬಾಕಿಗಾಗಿ ಮೂರನೇ ಸಲ ಫೋನ್ ಮಾಡುವುದು, ಇದಕ್ಕೆಲ್ಲ 3 ಗಂಟೆ ಹೋಗುತ್ತದೆ. ನೋಡಿಬಂದ ಕೆಲಸಗಳೆಲ್ಲ ನಿಮಗೇ ಸಿಗುವುದೂ ಇಲ್ಲ. 240 ದಿನಕ್ಕೆ ದಿನಾ 5 ಗಂಟೆಯಂತೆ ವರ್ಷಕ್ಕೆ 1200 ಗಂಟೆ. ಕಾರ್ಖಾನೆ ನಿಮಗೆ ಸಂಬಳ ಕೊಡುತ್ತಿದ್ದದ್ದು 313 ದಿನದ ತಲಾ 8 ಗಂಟೆಗೆ, ಅಂದರೆ 2504 ಗಂಟೆಗೆ. ಯಂತ್ರ ನಿಂತು ನೀವು ಕಾಯುತ್ತಾ ಕುಳಿತ ಹೊತ್ತಿಗೂ ಸಂಬಳವಿತ್ತು, ಸಂಬಳಸಹಿತ ರಜೆಯೂ ಇತ್ತು. ಗಂಟೆಯ ದರ ಎರಡು ಪಟ್ಟಿಗಿಂತ ಸ್ವಲ್ಪ ಹೆಚ್ಚಾದರೆ ಮಾತ್ರ ನೀವು ಈಗ ಇರುವಲ್ಲೇ ಇರುತ್ತೀರಿ. ಒಂದೂವರೆ ಪಟ್ಟು ಎಂದರೆ ನಷ್ಟ.

ಇದರಲ್ಲಿ ಡ್ರಿಲ್ಲಿಂಗ್ ಯಂತ್ರ, ಮುರಿಯುವ ಬಿಟ್ಟುಗಳು, ಮೀಟರು, ವಾಹನ, ವಿಮೆ ಯಾವುದನ್ನೂ ನಾನು ಸೇರಿಸಿಲ್ಲ. ನಿಮ್ಮ ಅಂಕಿಗಳು ಬೇರೆಯಿರಬಹುದು, ಖಂಡಿತ ಬೇರೆಯೇ ಇರುತ್ತವೆ. ಆದರೆ ಕಳೆಯುವ ಸಾಲುಗಳಲ್ಲಿ ಒಂದನ್ನೂ ಬಿಡುವಂತಿಲ್ಲ. ಕೆಲಸ ಬಿಡುವ ಮೊದಲು, ನಿಮ್ಮ ನೇಮಕಾತಿಯ ಕರಾರು ಒಪ್ಪುವುದಾದರೆ, ಮೂರು ತಿಂಗಳು ರಜಾದಿನಗಳಲ್ಲಿ ಸಣ್ಣ ಕೆಲಸ ಹಿಡಿದು ಪ್ರತಿ ಗಂಟೆಯನ್ನೂ ಪುಸ್ತಕದಲ್ಲಿ ಬರೆಯಿರಿ. ಮುಂಗಡವನ್ನು ಆದಾಯದ ಪುಟದಲ್ಲಿ ಬರೆಯಬೇಡಿ. ಕೆಲಸ ಮುಗಿಯುವ ತನಕ ಅದು ಗಿರಾಕಿಯ ಹಣ. ನನ್ನ ಕೈಕೆಳಗೆ ಕಲಿತ ಹುಡುಗನೊಬ್ಬ ಹೀಗೆ ಬರೆದು ತಂದು ತೋರಿಸಿದಾಗ, ಅವನು ಮೊದಲ ಮನೆಯ ವೈರಿಂಗ್ ಮುಗಿಸಿದ ದಿನಕ್ಕಿಂತ ಹೆಚ್ಚು ಸಂತೋಷವಾಗಿತ್ತು.

ದಿನದ ಮಜೂರಿಯ ಮಾತು ಬಂದದ್ದರಿಂದ ನೀವು ಕೇಳದ ಇನ್ನೊಂದಕ್ಕೂ ಬರುತ್ತೇನೆ: ದಿನಗೂಲಿಗೆ ಹೋಗಬೇಕೋ, ಕೆಲಸಕ್ಕೆ ಇಷ್ಟೆಂದು ಗುತ್ತಿಗೆ ಒಪ್ಪಬೇಕೋ? ಗೋಡೆಯೊಳಗೆ ಏನಿದೆಯೋ ಕಾಣದ ಹಳೆಯ ಮನೆಯಾದರೆ ದಿನಗೂಲಿ. ನಕ್ಷೆ ಕೈಯಲ್ಲಿರುವ ಹೊಸ ಮನೆಯಾದರೆ ಗುತ್ತಿಗೆ, ಏಕೆಂದರೆ ಅಲ್ಲಿ ನಿಮ್ಮ ಕೈ ಚುರುಕಾದಷ್ಟೂ ಲಾಭ ನಿಮಗೆ. ದಿನಗೂಲಿಯಲ್ಲಿ ಮೂರು ದಿನದ ಕೆಲಸವನ್ನು ಎರಡು ದಿನಕ್ಕೆ ಮುಗಿಸಿದವನಿಗೆ ಒಂದು ದಿನದ ಕೂಲಿ ನಷ್ಟ.

ದುರಸ್ತಿ ಇವೆರಡಕ್ಕೂ ಹೊಂದುವುದಿಲ್ಲ. ಸೋರಿಕೆ ವಿದ್ಯುತ್ತಿಗೆ ತಾನಾಗಿ ಕಡಿತವಾಗುವ ಬ್ರೇಕರ್ ಪದೇ ಪದೇ ಬೀಳುತ್ತಿದೆ ಎಂದು ಕರೆಯುತ್ತಾರೆ. ಮನೆಗಳಲ್ಲಿ ಸಾಮಾನ್ಯವಾಗಿ ಅದು 30 ಮಿಲಿಆಂಪಿಯರಿನದು. ಫೇಸ್ ಮತ್ತು ನ್ಯೂಟ್ರಲ್‌ನಲ್ಲಿ ಹರಿಯುವ ವಿದ್ಯುತ್ತಿನ ನಡುವೆ ಅಷ್ಟು ವ್ಯತ್ಯಾಸ ಬಂದರೆ ಸಾಕು, ಬೀಳುತ್ತದೆ. ಎಲ್ಲೋ ಒಂದು ಪೆಟ್ಟಿಗೆಯಲ್ಲಿ ನ್ಯೂಟ್ರಲ್ ತಂತಿ ಅರ್ಥಿಂಗ್ ತಂತಿಗೆ ತಗುಲಿದ್ದರೂ ಸಾಕು. ಅದನ್ನು ಹುಡುಕಲು 2 ಗಂಟೆ, ಬೇರ್ಪಡಿಸಿ ಟೇಪು ಸುತ್ತಲು 5 ನಿಮಿಷ. ಮನೆಯವರ ಕಣ್ಣಿಗೆ ಬೀಳುವುದು ಆ 5 ನಿಮಿಷ ಮಾತ್ರ. ಅದಕ್ಕೇ ನಾನು ಹೊರಡುವ ಮೊದಲೇ ಫೋನಿನಲ್ಲಿ ತಪಾಸಣೆಯ ಶುಲ್ಕ ಹೇಳುತ್ತೇನೆ, ಬಿಲ್ಲಿನಲ್ಲಿ "ದೋಷ ಪತ್ತೆ" ಮತ್ತು "ದುರಸ್ತಿ" ಎಂದು ಎರಡು ಸಾಲು ಬರೆಯುತ್ತೇನೆ. ಹಾಗೆ ಬರೆಯಲು ತೊಡಗಿದ ಮೇಲೆ ನನ್ನೊಡನೆ ಚೌಕಾಸಿ ನಡೆಯುವುದು ಎರಡನೇ ಸಾಲಿನ ಮೇಲೆ ಮಾತ್ರ.