ಗುಡ್ಡ ಜರಿದದ್ದು ಮಳೆಗಾ, ಭೂಕಂಪಕ್ಕಾ?

ಕೊಡಗಿನಲ್ಲಿ ಬರೆ (ಗುಡ್ಡ ಕಡಿದಲ್ಲಿ ನಿಂತ ಕಡಿದಾದ ಮಣ್ಣಿನ ಗೋಡೆ) ನೋಡಲು ಹೋದಾಗಲೆಲ್ಲ ಈ ಪ್ರಶ್ನೆ ಬಂದೇ ಬರುತ್ತದೆ: “ಸಾರ್, 2018ರಲ್ಲಿ ಗುಡ್ಡ ಜರಿದದ್ದು ಮಳೆಗಾ, ಭೂಕಂಪಕ್ಕಾ?” ಆ ವರ್ಷ ಜುಲೈ 9ರಂದು ಅಲ್ಲಿ 3.4 ತೀವ್ರತೆಯ ಕಂಪನವಾಗಿತ್ತು. ಆಗಸ್ಟ್ ಮಧ್ಯದಲ್ಲಿ ಗುಡ್ಡಗಳು ಕುಸಿದವು. ಅನುಮಾನ ಬರುವುದು ಸಹಜವೇ.

ಉತ್ತರಕ್ಕೆ ಮುಂಚೆ ಜಪಾನಿನ ಹೊಕ್ಕೈಡೊಗೆ ಹೋಗಿಬರೋಣ. ಅದೇ ವರ್ಷ ಸೆಪ್ಟೆಂಬರ್ 6, ನಸುಕಿನ 3 ಗಂಟೆ. 6.6 ತೀವ್ರತೆಯ ಭೂಕಂಪ. ಅತ್ಸುಮಾ ಊರಿನ ಸುತ್ತ ಸಾವಿರಾರು ಕಡೆ ಮಣ್ಣು ಜಾರಿತು, 36 ಜನ ಸತ್ತರು. ಅವೇನು ಭಾರಿ ಬೆಟ್ಟಗಳಲ್ಲ. ಆದರೆ ಸಾವಿರಾರು ವರ್ಷಗಳ ಹಿಂದೆ ತರುಮಾಯೆ ಜ್ವಾಲಾಮುಖಿ ಉಗುಳಿದ ಹಗುರ ತೂತುಗಲ್ಲಿನ ಪದರ ಅಲ್ಲಿ ಮಣ್ಣಿನಡಿ ಇದೆ. ಸ್ಪಂಜಿನ ಹಾಗೆ ನೀರು ಹಿಡಿದಿಟ್ಟುಕೊಳ್ಳುತ್ತದೆ. ಹಿಂದಿನ ದಿನವಷ್ಟೇ ಚಂಡಮಾರುತ ಹಾದುಹೋಗಿದ್ದರಿಂದ ಎಲ್ಲರ ಕಣ್ಣೂ ಅದರ ಮೇಲೆ. ಅತ್ಸುಮಾದಲ್ಲಿ ಅದು ಸುರಿಸಿದ್ದು ಸ್ವಲ್ಪವೇ. ಆ ಪದರ ನೀರು ಕುಡಿದದ್ದು ಅದಕ್ಕೂ ಮುಂಚಿನ ವಾರಗಳ ಮಳೆಯಲ್ಲಿ.

ಮಣ್ಣು ನಿಲ್ಲುವುದು ಕಣಕ್ಕೆ ಕಣ ಒತ್ತಿ ಹಿಡಿದಿರುವುದರಿಂದ. ನೀರು ತುಂಬಿದರೆ ಹಿಡಿತ ಸಡಿಲ. ಅಂಥ ಒದ್ದೆ ಮಣ್ಣನ್ನು ಅಲುಗಾಡಿಸಿದರೆ ಕಣಗಳು ಒತ್ತಾಗಿ ಕೂರಲು ನೋಡುತ್ತವೆ. ನಡುವಿನ ನೀರಿಗೆ ಹೊರಗೆ ಹೋಗಲು ಪುರುಸೊತ್ತಿಲ್ಲ. ಅದರ ಒತ್ತಡ ಏರಿ ಕಣಗಳನ್ನೇ ಬಿಡಿಸಿಬಿಡುತ್ತದೆ. ಕೆಲವೇ ಸೆಕೆಂಡಿನ ಕೆಲಸ.

ಇಳಿಜಾರು ನಿಲ್ಲುತ್ತದೋ ಇಲ್ಲವೋ ಎಂದು ನೋಡುವಾಗ ಮಳೆಗೊಂದು ಲೆಕ್ಕ, ಭೂಕಂಪಕ್ಕೊಂದು ಲೆಕ್ಕ ಅಂತ ಬೇರೆ ಬೇರೆ ಮಾಡುವ ರೂಢಿ ನಮ್ಮಲ್ಲಿದೆ. ನಾನೂ ಮಾಡಿದ್ದೇನೆ. ಎರಡರಲ್ಲೂ ಪಾಸಾದ ಇಳಿಜಾರು ಎರಡೂ ಒಟ್ಟಿಗೆ ಬಂದರೆ ಫೇಲಾಗಬಹುದು.

ಸರದಿ ತಿರುಗಿ ಮೊದಲು ಭೂಕಂಪ, ಆಮೇಲೆ ಮಳೆ ಬಂದರೂ ಕಷ್ಟವೇ. ನೇಪಾಳದಲ್ಲಿ 2015ರ ಏಪ್ರಿಲ್ 25ರ 7.8 ತೀವ್ರತೆಯ ಭೂಕಂಪಕ್ಕೆ ಎಷ್ಟೋ ಗುಡ್ಡಗಳು ಬಿರುಕುಬಿಟ್ಟು ಹಾಗೇ ನಿಂತಿದ್ದವು. ಮಳೆಗಾಲದ ನೀರು ಆ ಬಿರುಕುಗಳಲ್ಲಿ ಇಳಿಯಿತು.

ಕೊಡಗಿಗೆ ಬಂದರೆ, 3.4ರ ಕಂಪನಕ್ಕಿಂತ 6.6ರದ್ದು ಬಿಡುಗಡೆ ಮಾಡುವ ಶಕ್ತಿ ಸುಮಾರು 60,000 ಪಟ್ಟು ಜಾಸ್ತಿ. ಹಾಗಾಗಿ ಜುಲೈನ ಆ ನಡುಕದ ಮೇಲೆ ಗೂಬೆ ಕೂರಿಸಲು ನಾನು ತಯಾರಿಲ್ಲ. ಸತತ ಮಳೆ, ಜೊತೆಗೆ ಮನೆಗೆ, ರಸ್ತೆಗೆ ಅಂತ ಬುಡ ಕಡಿದ ಇಳಿಜಾರು. ನನ್ನ ಲೆಕ್ಕದಲ್ಲಿ ಇಲ್ಲಿ ಗುಡ್ಡ ಕೆಡವಿದ ಜೋಡಿ ಇದು.

ಹಾಗಂತ ಬಿರುಕನ್ನು ಕಡೆಗಣಿಸುವಂತಿಲ್ಲ. ಬರೆಯ ಬುಡ ನೋಡುವ ಮೊದಲು ನಾನು ನೆತ್ತಿಗೆ ಹತ್ತುತ್ತೇನೆ. ಬಿರುಕು ಕಂಡರೆ ಮಳೆಗಾಲಕ್ಕೆ ಮುಂಚೆ ಜೇಡಿಮಣ್ಣು ತುಂಬಿ ಗಟ್ಟಿ ಮಾಡಿ, ಮೇಲಿನ ನೀರನ್ನು ಚರಂಡಿ ತೋಡಿ ಆಚೆ ತಿರುಗಿಸಿ ಎನ್ನುತ್ತೇನೆ. ಇಂಗುಗುಂಡಿಯನ್ನಂತೂ ಅಲ್ಲಿ ತೋಡಲೇಬೇಡಿ.